ಹೊಟ್ಟೆ ಮುಟ್ಟದೆ ಹೊಟ್ಟೆನೋವು ತಿಳಿಯೋದು ಹ್ಯಾಗೆ?

ಕೇರಿಯ ಮಗುವೊಂದು ಹೊಟ್ಟೆ ಹಿಡಿದುಕೊಂಡು ಕೂತಿತು ಅಂದರೆ ಊರಿಗೆ ಊರೇ ಪಂಡಿತನಾಗಿಬಿಡುತ್ತದೆ. ಮೇಷ್ಟರು "ಸ್ಕೂಲಿಗೆ ಚಕ್ಕರ್ ಹಾಕೋಕೆ ಇದೊಂದು ನೆಪ" ಅಂತಾರೆ. ದಣಿ "ಕಂಡದ್ದನ್ನೆಲ್ಲ ತಿಂತವೆ, ಇನ್ನೇನಾಗ್ತದೆ" ಅಂತಾನೆ. ನಮ್ಮ ಅಜ್ಜಿ "ಯಾರ ಕಣ್ಣೋ ತಾಕದೆ ಕಣವ್ವ, ದೃಷ್ಟಿ ತೆಗಿ" ಅಂತ ಉಪ್ಪು, ಒಣಮೆಣಸಿನಕಾಯಿ ಹುಡುಕುತ್ತಾಳೆ. ಆಸ್ಪತ್ರೆಗೆ ಎತ್ತಿಕೊಂಡು ಹೋದರೆ ಡಾಕ್ಟರು ಮೇಜಿನ ಆಚೆಯಿಂದಲೇ "ಎಷ್ಟು ದಿನದಿಂದ?" ಅಂತ ಕೇಳಿ, ತಾಯಿಯ ಉತ್ತರ ಮುಗಿಯುವುದರೊಳಗೆ ಚೀಟಿ ಬರೆದಿರುತ್ತಾರೆ. ಅದೇ ಗುಲಾಬಿ ಬಣ್ಣದ ಔಷಧಿ, ಅದೇ ಬಿಳಿ ಮಾತ್ರೆ. ಅಜ್ಜಿಯ ಕೈ ಒಂದನ್ನು ಬಿಟ್ಟರೆ ಇಷ್ಟು ಜನರಲ್ಲಿ ಇನ್ಯಾರ ಕೈಯೂ ಆ ಹೊಟ್ಟೆಯ ಮೇಲೆ ಬಿದ್ದಿರುವುದಿಲ್ಲ.

ವೈದ್ಯಶಾಸ್ತ್ರ ಹೇಳುವುದು ಬೇರೆ. ಮಗುವನ್ನು ಮಲಗಿಸಬೇಕು, ಅಂಗಿ ಎತ್ತಬೇಕು, ಅಂಗೈ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟು ಮೂಲೆಮೂಲೆಯನ್ನೂ ಮೆಲ್ಲಗೆ ಒತ್ತಿ ನೋಡಬೇಕು. ನೋವು ಹೊಕ್ಕುಳ ಸುತ್ತ ಇದೆಯೋ ಬಲಗಡೆ ಕೆಳಗಿದೆಯೋ, ಹೊಟ್ಟೆ ಮೆತ್ತಗಿದೆಯೋ ಹಲಗೆಯಂತೆ ಬಿಗಿದಿದೆಯೋ, ಎಡಗಡೆ ಗಟ್ಟಿ ಮಲ ಕಟ್ಟಿಕೊಂಡು ಕೈಗೆ ಸಿಗುತ್ತದೋ ಇಲ್ಲವೋ, ಇದೆಲ್ಲ ಬೆರಳ ತುದಿಗೆ ಗೊತ್ತಾಗುವಂಥದು. ಯಾವ ಯಂತ್ರವೂ ಬೇಡ, ಒಂದು ಪೈಸೆ ಖರ್ಚಿಲ್ಲ. ಕೈ ಮುಟ್ಟಬೇಕು, ಅಷ್ಟೆ. ಆದರೆ ಸ್ವಾಮಿ, ಈ ದೇಶದಲ್ಲಿ ಮುಟ್ಟುವುದು ಅನ್ನುವುದು ಬರೀ ಕೈಯ ಮಾತೆ? ಎರಡು ಸಾವಿರ ವರ್ಷದಿಂದ ನಮ್ಮನ್ನು ಮುಟ್ಟದಿರುವುದನ್ನೇ ಧರ್ಮ ಅಂದುಕೊಂಡು ಬಂದ ಕೈಗಳಿಗೆ ಒಂದು ಸ್ಟೆತಾಸ್ಕೋಪು ಕೊಟ್ಟ ಮಾತ್ರಕ್ಕೆ ಆ ಕೈ ಬದಲಾಗುತ್ತದೆಯೆ?

ಇದನ್ನು ಬರೆಯುತ್ತೇವೆ ಅಂದಾಗ ಕೆಲವು ಸಾಹಿತಿ ಮಿತ್ರರು ಮೂಗು ಮುರಿದರು. ಪದ್ಯ ಬರೆಯುವವರು ಜಂತುಹುಳದ ಬಗ್ಗೆ ಬರೆಯುವುದೆ? ಬರೆಯುತ್ತೇವೆ. ಹೊಟ್ಟೆ ಅಂದರೆ ನಿಮಗೆ ಪ್ರತಿಮೆ, ನಮಗೆ ಹೊಟ್ಟೆ. ಅದರಲ್ಲಿ ಹಸಿವೂ ಇರುತ್ತದೆ, ಹುಳವೂ ಇರುತ್ತದೆ, ಭಯವೂ ಇರುತ್ತದೆ.

1958ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆಪ್ಲೆ ಮತ್ತು ನೇಯ್ಶ್ ಅನ್ನುವ ವೈದ್ಯರು ಸಾವಿರ ಶಾಲಾ ಮಕ್ಕಳನ್ನು ನೋಡಿ ಒಂದು ವರದಿ ಬರೆದರು. ಮೂರು ತಿಂಗಳಲ್ಲಿ ಮೂರು ಸಲವಾದರೂ ಆಟಪಾಠ ಬಿಡುವಷ್ಟು ಹೊಟ್ಟೆನೋವು ಬಂದರೆ ಅದನ್ನು ಮರುಕಳಿಸುವ ಹೊಟ್ಟೆನೋವು ಅನ್ನಬೇಕು ಅಂತ ಗೆರೆ ಹಾಕಿದರು. ಹತ್ತರಲ್ಲಿ ಒಂದು ಮಗುವಿಗೆ ಅದು ಇತ್ತು. ಅವರಲ್ಲಿ ಬಹುಪಾಲು ಮಕ್ಕಳ ಹೊಟ್ಟೆಯೊಳಗೆ ಹುಡುಕಿದರೂ ರೋಗ ಸಿಗಲಿಲ್ಲ. ಹಾಗಂತ ಅವರು ಆ ಮಕ್ಕಳನ್ನು ಸುಳ್ಳರು ಅನ್ನಲಿಲ್ಲ. ಕರುಳಿಗೂ ಮಿದುಳಿಗೂ ನರಗಳ ನಂಟಿದೆ, ಗಾಯ ಇಲ್ಲದೆಯೂ ಕರುಳು ನಿಜವಾಗಿಯೇ ನೋಯುತ್ತದೆ ಅನ್ನುವುದು ಇವತ್ತಿನ ವೈದ್ಯರು ಒಪ್ಪಿದ ಮಾತು.

ಒಳ್ಳೆಯ ಮಾತೇ. ಆದರೆ ಅದೇ ಮಾತು ಹಡಗು ಹತ್ತಿ ಇಲ್ಲಿಗೆ ಬಂದಾಗ ಏನಾಯಿತು ನೋಡಿ. ಅಲ್ಲಿನವರು ಮುಟ್ಟಿ, ತೂಕ ನೋಡಿ, ಮಲ ಮೂತ್ರ ಪರೀಕ್ಷೆ ಮಾಡಿ, ಏನೂ ಸಿಗದಿದ್ದ ಮೇಲೆ "ಏನೂ ಇಲ್ಲ" ಅಂದರು. ಇಲ್ಲಿನವರು ನೋಡದೆಯೇ "ಏನೂ ಇಲ್ಲ" ಅಂತಾರೆ. ಎರಡೂ ಒಂದೇ ಮಾತಲ್ಲ.

ನೋಡಿದರೆ ಏನು ಸಿಗುತ್ತದೆ? ಮೊದಲು ಸಿಗುವುದು ನೆಲ. ದುಂಡು ಜಂತುಹುಳ ಒಂದು ಗೇಣಿಗಿಂತ ಉದ್ದ ಬೆಳೆಯುತ್ತದೆ. ಹೆಣ್ಣುಹುಳ ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಮಲದ ಜೊತೆ ಮಣ್ಣಿಗೆ ಬಿದ್ದು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಊರಿನ ಚರಂಡಿಯೆಲ್ಲ ಇಳಿಜಾರು ಹುಡುಕಿಕೊಂಡು ಎಲ್ಲಿಗೆ ಬರುತ್ತದೆ ಅಂತ ನಾವು ಹೇಳಬೇಕಿಲ್ಲ. ಊರು ಎತ್ತರದಲ್ಲಿ, ಕೇರಿ ತಗ್ಗಿನಲ್ಲಿ. ಇದು ಭೂಗೋಳ ಅಲ್ಲ, ಮನುಧರ್ಮ. ಆ ತಗ್ಗಿನ ಮಣ್ಣಲ್ಲೇ ನಮ್ಮ ಮಕ್ಕಳು ಗೋಲಿ ಆಡುತ್ತವೆ, ಅದೇ ಕೈಯಲ್ಲಿ ಮುದ್ದೆ ಮುರಿಯುತ್ತವೆ. ಹುಳ ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ, ಹೊಕ್ಕುಳ ಸುತ್ತ ಹಿಂಡುತ್ತದೆ, ಓಕರಿಕೆ ಬರುತ್ತದೆ. ಗಂಟು ಕಟ್ಟಿಕೊಂಡು ಕರುಳನ್ನೇ ಮುಚ್ಚಿ ಜೀವ ತೆಗೆದದ್ದೂ ಉಂಟು.

ಕೊಕ್ಕೆಹುಳದ ದಾರಿ ಬೇರೆ. ಅದು ಬಾಯಿಂದಲ್ಲ, ಬರಿಗಾಲಿನ ಚರ್ಮ ಕೊರೆದುಕೊಂಡು ಒಳಗೆ ಬರುತ್ತದೆ. ರಕ್ತಕ್ಕೆ ಇಳಿದು, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ಮತ್ತೆ ನುಂಗಿಸಿಕೊಂಡು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಾ ಕೂರುತ್ತದೆ. ಬರಿಗಾಲು! ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವರು ನಾವು. ಅದೇ ಮೆಟ್ಟನ್ನು ದಣಿಗಳ ಬೀದಿಯಲ್ಲಿ ಕಾಲಿಗೆ ಹಾಕಬಾರದು, ಕೈಯಲ್ಲಿ ಹಿಡಿದು ನಡೆಯಬೇಕು ಅಂತ ಕಟ್ಟು ಮಾಡಿದವರು ಯಾರು? ನಮ್ಮ ತಾತಂದಿರ ಅಂಗಾಲನ್ನು ಕೊಕ್ಕೆಹುಳಕ್ಕೆ ಬಾಗಿಲು ಮಾಡಿಕೊಟ್ಟದ್ದು ಶಾಸ್ತ್ರ.

ಇನ್ನೊಂದು ಸಂಗತಿ. ಅಮೆರಿಕದ ದಕ್ಷಿಣ ರಾಜ್ಯಗಳ ಬಡ ಕೂಲಿಗಳನ್ನು ಅಲ್ಲಿನ ದೊಡ್ಡವರು ಹುಟ್ಟು ಸೋಮಾರಿಗಳು ಅಂತ ಹೀಯಾಳಿಸುತ್ತಿದ್ದರು. 1902ರಲ್ಲಿ ಸ್ಟೈಲ್ಸ್ ಅನ್ನುವ ವಿಜ್ಞಾನಿ ಅವರ ಕರುಳಲ್ಲಿ ಕೊಕ್ಕೆಹುಳ ತೋರಿಸಿದ. ಪತ್ರಿಕೆಗಳು ಅದಕ್ಕೆ "ಸೋಮಾರಿತನದ ರೋಗಾಣು" ಅಂತ ಹೆಸರಿಟ್ಟವು. 1909ರಿಂದ 1914ರವರೆಗೆ ರಾಕ್‌ಫೆಲರ್ ದುಡ್ಡಿನಲ್ಲಿ ಔಷಧಿ ಕೊಟ್ಟರು, ಕಕ್ಕಸು ಕಟ್ಟಲು ಹೇಳಿದರು. ರಕ್ತ ಕುಡಿಯುವ ಹುಳ ಹೊಟ್ಟೆಯಲ್ಲಿಟ್ಟುಕೊಂಡವನು ಚುರುಕಾಗಿರುವುದು ಹ್ಯಾಗೆ? ನಮ್ಮ ಮಕ್ಕಳನ್ನು ಕೊನೆ ಬೆಂಚಿಗೆ ಕೂರಿಸಿ "ಇವಕ್ಕೆ ತಲೆಗೆ ಹತ್ತಲ್ಲ" ಅನ್ನುವ ಮೇಷ್ಟರುಗಳು ಈ ಚರಿತ್ರೆ ಓದಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ. ಹುಳವೊಂದೇ ಇದಕ್ಕೆ ಕಾರಣವಲ್ಲ. ಆದರೆ ರಕ್ತ ಇಲ್ಲದ ಮಗುವಿಗೆ ದಡ್ಡ ಅನ್ನುವುದು ಯಾವ ಶಿಕ್ಷಣಶಾಸ್ತ್ರ?

ಸರ್ಕಾರ ಮಾತ್ರೆ ಕೊಡುತ್ತದೆ, ನಿಜ. 2015ರಿಂದ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನ ಅಂತ ಫೆಬ್ರವರಿಯಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಕೊಡುತ್ತಾರೆ. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ. ಎರಡು ದಾಟಿದವರಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಅದಕ್ಕಿಂತ ಚಿಕ್ಕವಕ್ಕೆ ಅರ್ಧ. ಒಳ್ಳೆಯ ಮಾತ್ರೆ. ತಿಂದ ದಿನ ಹುಳ ಹೆಚ್ಚಿರುವ ಮಕ್ಕಳಿಗೆ ಸ್ವಲ್ಪ ಹೊಟ್ಟೆ ನುಲಿಯುವುದು, ವಾಕರಿಕೆ ಬರುವುದು ಉಂಟು. ಅದಕ್ಕೆ ಹೆದರಿ ಮಕ್ಕಳನ್ನು ಮನೆಯಲ್ಲಿ ಬಚ್ಚಿಡಬೇಡಿ ಅಂತ ನಮ್ಮ ಅವ್ವಂದಿರಿಗೆ ಕೈಮುಗಿದು ಹೇಳುತ್ತೇವೆ. ಆದರೆ ಮಾತ್ರೆ ಹೊಟ್ಟೆಯೊಳಗಿನ ಹುಳವನ್ನು ಕೊಲ್ಲುತ್ತದೆ, ಚರಂಡಿಯ ಮೊಟ್ಟೆಯನ್ನಲ್ಲ. ಕೆಲವೇ ತಿಂಗಳಲ್ಲಿ ಅದೇ ನೆಲದಿಂದ ಅದೇ ಹುಳ ಅದೇ ಮಗುವಿನ ಹೊಟ್ಟೆ ಸೇರುತ್ತದೆ. ಮಂತ್ರಿಗಳು ಮಗುವಿನ ಬಾಯಿಗೆ ಮಾತ್ರೆ ಹಾಕುವ ಫೋಟೋ ಪ್ರತಿವರ್ಷ ಬರುತ್ತದೆ. ಕೇರಿಯ ಚರಂಡಿಗೆ ಚಪ್ಪಡಿ ಹಾಕಿದ ಫೋಟೋ ನಾವು ಕಂಡಿಲ್ಲ.

ಎರಡನೆಯದು ನೀರು. ಇಲ್ಲಿ ಸ್ವಲ್ಪ ನಿಧಾನ ಹೋಗಬೇಕು.

2022ರ ಡಿಸೆಂಬರ್ ತಿಂಗಳು. ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ವೇಂಗೈವಯಲ್ ಅನ್ನುವ ಹಳ್ಳಿ. ದಲಿತರ ಕೇರಿಯ ಮಕ್ಕಳು ಒಂದರ ಹಿಂದೆ ಒಂದು ಹೊಟ್ಟೆನೋವು, ವಾಂತಿ, ಭೇದಿ ಅಂತ ಮಲಗಿದವು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅಲ್ಲಿನ ವೈದ್ಯರು ಚೀಟಿ ಬರೆದು ಕೈತೊಳೆದುಕೊಳ್ಳದೆ, ಕುಡಿಯುವ ನೀರಿನಲ್ಲೇ ಏನೋ ಇರಬೇಕು, ನೋಡಿ ಅಂದರು. ಡಿಸೆಂಬರ್ 26ರಂದು ಹುಡುಗರು ಕೇರಿಯ ಹತ್ತು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್ ಹತ್ತಿ ಮುಚ್ಚಳ ತೆಗೆದು ನೋಡಿದರು. ನೀರಲ್ಲಿ ಮನುಷ್ಯರ ಹೇಲು ತೇಲುತ್ತಿತ್ತು.

ಈ ಶಬ್ದವನ್ನು ತೆಗೆದು "ಮಲ" ಅಂತ ಹಾಕಿ ಅನ್ನುವ ಸಂಪಾದಕರು ಇದ್ದಾರೆ. ಆ ನೀರು ಕುಡಿದ ಮಕ್ಕಳಿಗೆ ಸಂಸ್ಕೃತ ಬರುವುದಿಲ್ಲ.

ತನಿಖೆಗೆ ಬಂದ ಜಿಲ್ಲಾಧಿಕಾರಿಗೆ ಅದೇ ಊರಲ್ಲಿ ದಲಿತರಿಗೆ ದೇವಸ್ಥಾನದ ಬಾಗಿಲು ಮುಚ್ಚಿರುವುದೂ, ಟೀ ಅಂಗಡಿಯಲ್ಲಿ ಬೇರೆ ಲೋಟ ಇರುವುದೂ ಗೊತ್ತಾಯಿತು. ಅಂದರೆ ಏನು? ಮಗುವಿನ ಹೊಟ್ಟೆನೋವಿನ ಎಳೆ ಹಿಡಿದು ಹೋದರೆ ಟ್ಯಾಂಕಿನವರೆಗೆ, ಟ್ಯಾಂಕಿನಿಂದ ಟೀ ಅಂಗಡಿಯವರೆಗೆ, ಅಲ್ಲಿಂದ ಗರ್ಭಗುಡಿಯವರೆಗೆ ದಾರಿ ಇದೆ. ಆ ವೈದ್ಯರು ನೀರಿನ ಮಾತೆತ್ತದೆ ಇದ್ದಿದ್ದರೆ? "ಕಂಡದ್ದನ್ನೆಲ್ಲ ತಿಂತವೆ" ಅಂತ ಗುಲಾಬಿ ಔಷಧಿ ಬರೆದು ಕಳಿಸಿದ್ದರೆ? ಆ ಮಕ್ಕಳು ಇನ್ನೆಷ್ಟು ದಿನ ಅದನ್ನು ಕುಡಿಯುತ್ತಿದ್ದವೋ. ಎರಡು ವರ್ಷ ತನಿಖೆ ನಡೆಸಿದ ಪೊಲೀಸರು 2025ರ ಜನವರಿಯಲ್ಲಿ ಅದೇ ಕೇರಿಯ ಮೂವರು ದಲಿತರ ಮೇಲೆಯೇ ಆರೋಪ ಹೊರಿಸಿದರು. ಕೇರಿಯವರು ಅದನ್ನು ಒಪ್ಪಲಿಲ್ಲ. ನಮ್ಮ ನೀರು ಕೆಟ್ಟರೆ ಕೆಡಿಸಿದವರೂ ನಾವೇ ಆಗಬೇಕು!

ತಮಿಳರ ಕತೆ ಅಂತ ಕನ್ನಡದ ಮಹನೀಯರು ನಿಟ್ಟುಸಿರು ಬಿಡಬೇಕಾಗಿಲ್ಲ. ಅದೇ 2022ರ ನವೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಹೆಂಗಸೊಬ್ಬಳು ಬಾಯಾರಿ ಮೇಲುಜಾತಿ ಬೀದಿಯ ತೊಂಬೆಯಲ್ಲಿ ನೀರು ಕುಡಿದಳು ಅಂತ ನೀರನ್ನೆಲ್ಲ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ನೂರಾರು ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಯಾರ ಹಟ್ಟಿ ಅದು ಅಂತ ಬಿಡಿಸಿ ಹೇಳಬೇಕೆ? ನಾವು ಮುಟ್ಟಿದ ನೀರನ್ನು ತೊಳೆಯಲು ಗಂಜಲ ತಕ್ಷಣ ಸಿಗುತ್ತದೆ, ನಾವು ಕುಡಿಯುವ ಟ್ಯಾಂಕು ತೊಳೆಯಲು ಬ್ಲೀಚಿಂಗ್ ಪೌಡರ್ ವರ್ಷವಾದರೂ ಬರುವುದಿಲ್ಲ.

1901ರಲ್ಲಿ ಹತ್ತು ವರ್ಷದ ಹುಡುಗ ಅಂಬೇಡ್ಕರ್ ಅಣ್ಣನ ಜೊತೆ, ಮನೆಯ ಬೇರೆ ಮಕ್ಕಳ ಜೊತೆ ಅಪ್ಪನನ್ನು ನೋಡಲು ಎತ್ತಿನ ಗಾಡಿಯಲ್ಲಿ ಹೊರಟಾಗ ದಾರಿಯಲ್ಲಿ ಯಾರೂ ಗುಟುಕು ನೀರು ಕೊಡಲಿಲ್ಲ. ಬುತ್ತಿಯಲ್ಲಿ ಅನ್ನ ಇತ್ತು, ನೀರಿಲ್ಲದೆ ಉಣ್ಣಲಾಗದೆ ಮಕ್ಕಳು ಖಾಲಿ ಹೊಟ್ಟೆಯಲ್ಲಿ ರಾತ್ರಿ ಕಳೆದರು. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಇಪ್ಪತ್ತಾರು ವರ್ಷದ ಮೇಲೆ, 1927ರ ಮಾರ್ಚಿನಲ್ಲಿ, ಅವರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದನ್ನು ನಾವು ಹಕ್ಕು ಅಂತ ಓದಿಕೊಂಡಿದ್ದೇವೆ. ಅದು ಆರೋಗ್ಯವೂ ಹೌದು.

ಇನ್ನು ಶಾಲೆ. ಮಕ್ಕಳ ಹೊಟ್ಟೆನೋವಿಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು ಮಲಬದ್ಧತೆ. ಇದು ಹೇಗೆ ಬರುತ್ತದೆ? ತಡೆದುಕೊಂಡು. ಶಾಲೆಯಲ್ಲಿ ಕಕ್ಕಸು ಇರುತ್ತದೆ, ಅದಕ್ಕೆ ಬೀಗ ಇರುತ್ತದೆ, ಬೀಗದ ಕೈ ಹೆಡ್‌ಮೇಷ್ಟರ ಜೇಬಲ್ಲಿರುತ್ತದೆ. ಹೆಣ್ಣುಮಕ್ಕಳು ಕಕ್ಕಸಿಗೆ ಹೋಗಬೇಕಾದೀತು ಅಂತ ಬೆಳಗಿನಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಮಲ ಗಟ್ಟಿಯಾಗುತ್ತದೆ, ಮೂತ್ರಕ್ಕೆ ಸೋಂಕು ತಗಲುತ್ತದೆ, ಹೊಟ್ಟೆ ನೋಯುತ್ತದೆ, ಊಟ ಕಂಡರೆ ವಾಕರಿಕೆ ಬರುತ್ತದೆ. ಬೀಗ ತೆಗೆದಾಗಲೂ ಯಾಕೆ ತೆಗೆಯುತ್ತಾರೆ? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿ ತೊಳೆಸಿದ್ದು ನಾಡಿಗೆಲ್ಲ ಗೊತ್ತು. ನಮ್ಮ ಮಕ್ಕಳಿಗೆ ಕಕ್ಕಸು ಅಂದರೆ ಹೋಗುವ ಜಾಗವಲ್ಲ, ತೊಳೆಯುವ ಜಾಗ.

ಬೆಳಗ್ಗೆ ಏನೂ ತಿನ್ನದೆ ಬಂದ ಹೊಟ್ಟೆಯೂ ನೋಯುತ್ತದೆ, ಓಕರಿಸುತ್ತದೆ. ಇದಕ್ಕೆ ಸ್ಕ್ಯಾನಿಂಗ್ ಬೇಡ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಿಸಿಯೂಟ ಕೊಡಿ ಅಂತ ಆಜ್ಞೆ ಮಾಡಿತು, ಮಧ್ಯಾಹ್ನದ ಊಟ ಬಂತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಮಠಗಳಿಂದ ಎಂಥ ಗದ್ದಲ ಎದ್ದಿತು ನೆನಪಿದೆಯೆ? ಮಗುವಿನ ಹೊಟ್ಟೆಯೊಳಗೆ ಹುಳ ಇದ್ದರೆ ಯಾವ ಧರ್ಮಕ್ಕೂ ಮೈಲಿಗೆಯಿಲ್ಲ, ಮೊಟ್ಟೆ ಹೋದರೆ ಮಾತ್ರ ಮೈಲಿಗೆ. ಮೊಟ್ಟೆ ಗೆದ್ದಿತು, 2024ರಿಂದ ವಾರಕ್ಕೆ ಆರು ದಿನ ಆಯಿತು. (2013ರ ಕ್ಷೀರಭಾಗ್ಯದ ಹಾಲಿಗೆ ಯಾರೂ ತಕರಾರು ತೆಗೆಯಲಿಲ್ಲ. ಹಾಲು ಬೇಡ ಅನ್ನುತ್ತಿಲ್ಲ ನಾವು. ಆದರೆ ಎದೆಹಾಲು ಬಿಟ್ಟ ಮೇಲೆ ಹಾಲು ಅರಗಿಸಿಕೊಳ್ಳುವ ಶಕ್ತಿ ಕುಂದುವ ಮಕ್ಕಳು ನಮ್ಮ ದಕ್ಷಿಣದಲ್ಲಿ ಬಹಳ ಇದ್ದಾರೆ. ಅವಕ್ಕೆ ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗುಡು ಅಂದು ನೋಯುತ್ತದೆ. ಅಂಥ ಮಗು ಬೇಡ ಅಂದರೆ ಕೊಬ್ಬು ಅನ್ನಬೇಡಿ.)

ಕೊನೆಗೆ ಉಳಿಯುವುದು ಭಯ. ಸೋಮವಾರದಿಂದ ಶನಿವಾರದವರೆಗೆ ನೋಯುವ ಹೊಟ್ಟೆ ಭಾನುವಾರ ನೋಯುವುದಿಲ್ಲ ಅಂದ ತಕ್ಷಣ "ನೋಡಿದ್ರಾ, ನಾಟಕ" ಅಂತಾರೆ. ನಾವು ಕೇಳುತ್ತೇವೆ: ಸೋಮವಾರ ಏನಾಗುತ್ತದೆ? ಯಾರು ಹಾಜರಿ ಕೂಗುವಾಗ ಆ ಮಗುವಿನ ಹೆಸರನ್ನು ಹ್ಯಾಗೆ ಕೂಗುತ್ತಾರೆ? ಕುಡಿಯುವ ನೀರಿನ ಬಿಂದಿಗೆ ಮುಟ್ಟಿದರೆ ಯಾರು ಕಣ್ಣು ಬಿಡುತ್ತಾರೆ? "ಎಸ್‌ಸಿ ಹುಡುಗ್ರೆಲ್ಲ ಎದ್ದು ನಿಂತ್ಕೊಳ್ರೋ, ಸ್ಕಾಲರ್‌ಶಿಪ್ ಫಾರಂ ಬಂದದೆ" ಅಂತ ತುಂಬಿದ ಕ್ಲಾಸಿನಲ್ಲಿ ಕೂಗಿದಾಗ ಎದ್ದು ನಿಂತ ಮಗುವಿನ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಹಾಗೆ ಎದ್ದು ನಿಂತು ಡಿಗ್ರಿ ಮಾಡಿದ ನಮಗೆ ಗೊತ್ತು. ಅದು ನೋವೇ. ಕರುಳು ನಿಜವಾಗಿ ಹಿಂಡುತ್ತದೆ. ಬಾಯಿ ಹೇಳಲಾರದ್ದನ್ನು ಹೊಟ್ಟೆ ಹೇಳುತ್ತದೆ, ಕೇಳುವ ಕಿವಿ ಬೇಕು. ಔಷಧಿ ಬೇಕಾಗಿರುವುದು ಮಗುವಿಗಲ್ಲ, ಆ ಕ್ಲಾಸಿಗೆ.

ಹಾಗಂತ ನಮ್ಮ ಸಂಗಾತಿಗಳಿಗೂ ಎರಡು ಮಾತು. ಎಲ್ಲ ಹೊಟ್ಟೆನೋವಿಗೂ ಜಾತಿಯೇ ಕಾರಣ ಅಂತ ಭಾಷಣ ಬಿಗಿಯುತ್ತಾ ಕೂತರೆ ಮಗು ಕೈತಪ್ಪಿ ಹೋಗುತ್ತದೆ. ಅಪೆಂಡಿಸೈಟಿಸ್ ಜಾತಿ ಕೇಳಿಕೊಂಡು ಬರುವುದಿಲ್ಲ. ನೋವು ಹೊಕ್ಕುಳಿಂದ ದೂರ ಹೋದಷ್ಟೂ ಒಳಗೆ ರೋಗ ಇರುವ ಅನುಮಾನ ಹೆಚ್ಚು ಅಂತ ಅದೇ ಆಪ್ಲೆ ಹೇಳಿದ್ದಾನೆ. ಹೊಕ್ಕುಳ ಹತ್ತಿರ ಶುರುವಾಗಿ ಬಲಗಡೆ ಕೆಳಕ್ಕೆ ಇಳಿದು ನಿಂತ ನೋವು, ನಡೆದರೆ ಕೆಮ್ಮಿದರೆ ಹೆಚ್ಚಾಗುವ ನೋವು, ಜೊತೆಗೆ ಜ್ವರ ಬಂದರೆ ರಾತ್ರಿಯಾದರೂ ಸರಿ ದೊಡ್ಡಾಸ್ಪತ್ರೆಗೆ ಹೊರಡಿ. ಹಸಿರು ವಾಂತಿ, ರಕ್ತ ಬೆರೆತ ವಾಂತಿ ಇಲ್ಲವೆ ಮಲ, ಮುಟ್ಟಿದರೆ ಕಿರುಚುವಂತೆ ಬಿಗಿದ ಹೊಟ್ಟೆ, ಇವೂ ಕಾಯುವಂಥವಲ್ಲ. ಕಣ್ಣು ಹಳದಿಯಾಗುವುದು, ದಿನದಿನಕ್ಕೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ವಾರಗಟ್ಟಲೆ ಬಿಡದ ಜ್ವರ ಇದ್ದರೆ ಕ್ಷಯವೂ ಸೇರಿದಂತೆ ಹತ್ತು ಕಾಯಿಲೆ ಇರಬಹುದು, ಪರೀಕ್ಷೆ ಆಗಲೇಬೇಕು.

ಅಜ್ಜಿ ದೃಷ್ಟಿ ತೆಗೆದುಕೊಳ್ಳಲಿ, ಮೆಣಸಿನಕಾಯಿಗೆ ಕೇಡಿಲ್ಲ. ಆದರೆ ಕೆಲವು ಕಡೆ ಹೊಟ್ಟೆನೋವಿನ ಮಗುವಿಗೆ ಕಾದ ಕಬ್ಬಿಣದಲ್ಲಿ ಬರೆ ಹಾಕಿಸುತ್ತಾರಲ್ಲ, ಅದನ್ನು ಮಾತ್ರ ನಾವು ಕಾಲಿಗೆ ಬಿದ್ದಾದರೂ ನಿಲ್ಲಿಸಬೇಕು. ಊರು ಹಾಕಿದ ಬರೆ ಸಾಲದು ಅಂತ ನಾವೂ ಹಾಕುವುದೆ? ವಾಂತಿಭೇದಿ ಆದರೆ ನೀರು ನಿಲ್ಲಿಸಬಾರದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚದ ತಲೆ ಸವರಿ. ಗುಟುಕುಗುಟುಕಾಗಿ ಕುಡಿಸುತ್ತಾ ಇರಿ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೇದು, ಆಶಾ ಅಕ್ಕನನ್ನು ಕೇಳಿ.

ದಲಿತರು ಬಳಸುವ ನೀರನ್ನು ಕೆಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿರುವುದು 1955ರಿಂದಲೇ ಅಪರಾಧ. ಸೇರಿಸಿಕೊಂಡು ಮುಟ್ಟದೇ ಇರುವುದನ್ನು ಯಾವ ಕಲಮಿನಲ್ಲಿ ಹಿಡಿಯುವುದು? ವಕೀಲರಾದ ನಮ್ಮ ಗೆಳೆಯರು ಯೋಚಿಸಲಿ.

ಅಲ್ಲಿಯವರೆಗೆ ಇಷ್ಟು ಮಾಡೋಣ. ಕೇರಿಯ ಓದಿದ ಹುಡುಗ ಹುಡುಗಿಯರು ಹೊಟ್ಟೆನೋವಿನ ಮಗುವಿನ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನೋವು, ಏನು ಉಂಡಿತ್ತು, ಎಲ್ಲಿಯ ನೀರು ಕುಡಿದಿತ್ತು, ಕಕ್ಕಸಿಗೆ ಹೋಯಿತೋ ಇಲ್ಲವೋ. ಮಗುವಿನ ಜೊತೆ ಆ ನೋಟ್‌ಬುಕ್ಕೂ ಆಸ್ಪತ್ರೆಗೆ ಹೋಗಲಿ. ಅವ್ವ ಒಬ್ಬಳೇ ಹೋಗುವುದು ಬೇಡ, ಇಬ್ಬರು ಜೊತೆಗಿರಿ. ಡಾಕ್ಟರು ಮೇಜಿನಾಚೆಯಿಂದಲೇ ಚೀಟಿ ಚಾಚಿದರೆ "ಸ್ವಾಮಿ, ಒಂದು ಸಲ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿ" ಅಂತ ಕೇಳಿ. ಆಗಲೂ ಮುಟ್ಟದಿದ್ದರೆ ಜಗಳ ಬೇಡ. ಅದೇ ಚೀಟಿಯ ಹಿಂದೆ "ಮುಟ್ಟಿ ನೋಡಲಿಲ್ಲ" ಅಂತ ಬರೆದು, ತಾರೀಕು ಹಾಕಿ, ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪದ್ಯಗಳಿಗೆ ಇಟ್ಟ ಪುಟಗಳಲ್ಲಿ ಆ ಚೀಟಿಗಳನ್ನೇ ಅಚ್ಚು ಹಾಕುತ್ತೇವೆ.